ವೈರಸ್‌ಗೆ ಪಾಪಪುಣ್ಯ ಗೊತ್ತಿಲ್ಲ

ಎಚ್‌ಐವಿ ತಗುಲಿರಬಹುದೆಂದು ನಿದ್ದೆಗೆಟ್ಟು ವೈದ್ಯರ ಬಾಗಿಲು ತಟ್ಟುವವರಲ್ಲಿ ಹೆಚ್ಚಿನವರಿಗೆ ಅದು ಇರುವುದಿಲ್ಲ. ಇರುವವರಲ್ಲಿ ಎಷ್ಟೋ ಮಂದಿಗೆ ಅದರ ಅನುಮಾನವೇ ಇರುವುದಿಲ್ಲ. ಕ್ಲಿನಿಕ್ ನಡೆಸುವ ನನ್ನಂಥವರು ಆಗಾಗ ಕಾಣುವ ವಿಚಿತ್ರವಿದು. ಬಂದವನು ಮೊದಲು ಗ್ಯಾಸ್ಟ್ರಿಕ್ ಅನ್ನುತ್ತಾನೆ, ಆಮೇಲೆ ಸುಸ್ತು ಅನ್ನುತ್ತಾನೆ. ಚೀಟಿ ಬರೆದು ಕೊಟ್ಟರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ‘ಸಾರ್, ಇನ್ನೊಂದು ವಿಷಯ ಕೇಳೋದಿತ್ತು’ ಎಂದು ಶುರು ಮಾಡುತ್ತಾನೆ.

ಆ ಇನ್ನೊಂದು ವಿಷಯ ಬಗೆಬಗೆಯದು. ಕಟಿಂಗ್ ಶಾಪಿನಲ್ಲಿ ಬ್ಲೇಡು ತಾಗಿ ರಕ್ತ ಬಂತು, ಹೊಸ ಬ್ಲೇಡೋ ಹಳೆಯದೋ ನೋಡಲಿಲ್ಲ. ಮುತ್ತು ಕೊಟ್ಟಾಗ ನನ್ನ ತುಟಿ ಒಡೆದಿತ್ತು. ಮಸಾಜ್‌ಗೆ ಹೋಗಿದ್ದೆ, ಬೇರೇನೂ ನಡೆಯಲಿಲ್ಲ, ಆದರೆ ಅವರ ಕೈ ಒದ್ದೆಯಾಗಿತ್ತು. ಕಾಂಡೋಮ್ ಹಾಕಿದ್ದೆ, ಹರಿದಿರಲಿಲ್ಲ, ಆದರೆ ಕಣ್ಣಿಗೆ ಕಾಣದಂತೆ ತೂತಾಗಿದ್ದರೆ? ಲಾಡ್ಜಿನ ಟವೆಲ್ ಬಳಸಿದ್ದೆ. ಪ್ರಶ್ನೆಗಳನ್ನು ಕೇಳುತ್ತಾ ಹೋದರೆ ಒಂದು ಗೊತ್ತಾಗುತ್ತದೆ: ಘಟನೆ ಎಷ್ಟು ಚಿಕ್ಕದೋ ವಿವರ ಅಷ್ಟು ದೊಡ್ಡದು.

ಮೊದಲು ವೈರಸ್ಸಿನ ಸಂಗತಿ. ಅದು ಇನ್ನೊಬ್ಬರಿಗೆ ದಾಟುವಷ್ಟು ಪ್ರಮಾಣದಲ್ಲಿ ಇರುವುದು ರಕ್ತ, ವೀರ್ಯ, ವೀರ್ಯಕ್ಕೆ ಮುಂಚೆ ಒಸರುವ ದ್ರವ, ಯೋನಿದ್ರವ, ಗುದದ್ವಾರದ ಒಳಗಿನ ದ್ರವ ಮತ್ತು ಎದೆಹಾಲಿನಲ್ಲಿ. ಎಂಜಲು, ಬೆವರು, ಕಣ್ಣೀರಿನಿಂದ ಹರಡಿದ್ದಿಲ್ಲ. ಮೇಲೆ ಹೇಳಿದ ದ್ರವಗಳಾದರೂ ಗಾಯವಿಲ್ಲದ ಚರ್ಮದ ಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಅವು ಒಳಗಿನ ತೆಳು ಪೊರೆಗೋ ತೆರೆದ ಗಾಯಕ್ಕೋ ತಾಗಬೇಕು, ಇಲ್ಲವೇ ಸೂಜಿಯ ಮೂಲಕ ನೇರ ರಕ್ತಕ್ಕೆ ಸೇರಬೇಕು. ಗಾಳಿಗೆ ಬಿದ್ದು ಒಣಗತೊಡಗಿದರೆ ಈ ವೈರಸ್ ಬಹುಬೇಗ ಬಲಗುಂದುತ್ತದೆ. ಸೊಳ್ಳೆಯ ಪ್ರಶ್ನೆ ಇಂದಿಗೂ ಬರುತ್ತದೆ. ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದವರ ರಕ್ತವನ್ನಲ್ಲ. ಕುಡಿದ ರಕ್ತದಲ್ಲಿದ್ದ ವೈರಸ್ ಅದರ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ.

ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡು ಕೇಳಿ ಹಾಕಿಸಿಕೊಳ್ಳಿ, ಖಂಡಿತ ಕೇಳಿ. ಅದಕ್ಕೆ ದೊಡ್ಡ ಕಾರಣ ಹೆಪಟೈಟಿಸ್ ಬಿ. ಆ ವೈರಸ್ ದೇಹದ ಹೊರಗೆ ಏಳು ದಿನವಾದರೂ ಜೀವ ಹಿಡಿದಿರಬಲ್ಲದು. ಸೋಂಕಿತರಿಗೆ ಚುಚ್ಚಿದ ಸೂಜಿ ಆಸ್ಪತ್ರೆಯ ಸಿಬ್ಬಂದಿಗೆ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ. ಅದಕ್ಕೆ ಮೂರು ಡೋಸಿನ ಒಳ್ಳೆಯ ಲಸಿಕೆಯೂ ಉಂಟು. ಇಷ್ಟಾಗಿಯೂ ಹೆಪಟೈಟಿಸ್ ಬಿ ಬಂದೀತೆಂದು ಹೆದರಿ ರಾತ್ರಿ ಕಳೆದ ಒಬ್ಬನೂ ನನ್ನೆದುರು ಬಂದು ಕೂತಿಲ್ಲ.

ಈಗ ಲೆಕ್ಕ. ಸಂಗಾತಿಗೆ ಎಚ್‌ಐವಿ ಇದೆ, ಅವರು ಚಿಕಿತ್ಸೆ ಪಡೆಯುತ್ತಿಲ್ಲ, ಕಾಂಡೋಮ್ ಬಳಸಿಲ್ಲ ಎಂದಿಟ್ಟುಕೊಳ್ಳಿ. ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿ ಬಳಸುತ್ತ ಬಂದ ಅಂದಾಜಿನ ಪ್ರಕಾರ ಇಂಥ ಒಂದು ಯೋನಿಸಂಭೋಗದಲ್ಲಿ ಗಂಡಸಿಗೆ ಸೋಂಕು ದಾಟುವ ಸಾಧ್ಯತೆ 10,000ಕ್ಕೆ 4, ಹೆಂಗಸಿಗೆ 8. ಗುದಸಂಭೋಗದಲ್ಲಿ ಒಳಗೆ ಪಡೆಯುವವರಿಗೆ 138, ಇನ್ನೊಬ್ಬರಿಗೆ 11. ಮಾದಕ ದ್ರವ್ಯ ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಂಡರೆ 63. ಬಾಯಿಯ ಮೂಲಕದ ಸಂಭೋಗವಾದರೆ ಎಣಿಸಿ ಹೇಳುವುದೂ ಕಷ್ಟವೆನ್ನುವಷ್ಟು ಕಡಿಮೆ. ಸೋಂಕಿತ ರಕ್ತವನ್ನೇ ದೇಹಕ್ಕೆ ಏರಿಸಿದರೆ ಮಾತ್ರ 9,250, ಅಂದರೆ ಹೆಚ್ಚುಕಡಿಮೆ ಖಚಿತ. ರಕ್ತನಿಧಿಗಳಲ್ಲಿ ಪ್ರತಿ ಬಾಟಲಿಯನ್ನೂ ಪರೀಕ್ಷೆ ಮಾಡುವುದು ಇದಕ್ಕಾಗಿಯೇ.

ಇದೆಲ್ಲ ಸಂಗಾತಿಗೆ ಸೋಂಕು ಇದ್ದೇ ಇದೆ ಎಂದುಕೊಂಡು ಹಾಕಿದ ಲೆಕ್ಕ. ಅದು ಗೊತ್ತಿಲ್ಲದಿದ್ದಾಗ ಇನ್ನೊಂದು ಸಲ ಗುಣಿಸಬೇಕು. ಅವರಂಥ ನೂರು ಜನರಲ್ಲಿ ಐವರಿಗೆ ಸೋಂಕಿದೆ ಎಂದು ಧಾರಾಳವಾಗಿಯೇ ಹಿಡಿದರೂ ಒಂದು ಸಲದ ಯೋನಿಸಂಭೋಗದಲ್ಲಿ ಗಂಡಸಿಗೆ ಅಪಾಯ ಲಕ್ಷಕ್ಕೆ ಎರಡು. ಇದು ಸರಾಸರಿ, ಎಲ್ಲರಿಗೂ ಒಂದೇ ಅಲ್ಲ. ಇಬ್ಬರಲ್ಲಿ ಯಾರಿಗಾದರೂ ಜನನಾಂಗದ ಮೇಲೆ ಹುಣ್ಣಿದ್ದರೆ ಅಪಾಯ ಹೆಚ್ಚುತ್ತದೆ. ಸಂಗಾತಿಗೆ ಸೋಂಕು ಹೊಸದಾಗಿ ತಗುಲಿದ್ದರೆ ಆ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿ ತುಳುಕುವುದರಿಂದ ಇನ್ನೂ ಹೆಚ್ಚು. ಕಡಿಮೆ ಅಂದರೆ ಸೊನ್ನೆಯಲ್ಲ. ಆದ್ದರಿಂದಲೇ ಪರೀಕ್ಷೆ ಬೇಕು.

ಇಷ್ಟು ಕಡಿಮೆಯಿದ್ದರೆ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿ ಜೊತೆ ಬದುಕುತ್ತಿರುವುದು ಹೇಗೆ ಎಂದು ಕೇಳಬಹುದು. ಒಂದು ಸಲಕ್ಕೆ ಹತ್ತು ಸಾವಿರಕ್ಕೆ ಎಂಟು ಎಂಬುದು ವಾರಕ್ಕೆರಡು ಸಲದಂತೆ ವರ್ಷಗಟ್ಟಲೆ ಕೂಡುತ್ತ ಹೋದರೆ ಏನಾಗುತ್ತದೆ ನೋಡಿ. 2000ದ ದಶಕದ ಆರಂಭದಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಮನೆ ಸಮೀಕ್ಷೆ ನಡೆಸಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡಿತ್ತು. ಅದೂ ಹಳ್ಳಿಗಳಲ್ಲಿ. ಅಲ್ಲಿನ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಅದು ಬಂದದ್ದು ತಾಳಿ ಕಟ್ಟಿದ ಗಂಡನಿಂದ. ಅವರ್‍ಯಾರೂ ಭಯಬಿದ್ದು ಪರೀಕ್ಷೆಗೆ ಓಡಿದವರಲ್ಲ. ಬಸುರಿಯಾದಾಗ ಆಸ್ಪತ್ರೆಯಲ್ಲಿ ಮಾಮೂಲಿ ರಕ್ತಪರೀಕ್ಷೆ ಮಾಡಿಸಿದಾಗಲೇ ಎಷ್ಟೋ ಮಂದಿಗೆ ಗೊತ್ತಾದದ್ದು.

ಭಯ ಯಾಕೆ ಹೀಗೆ ತಪ್ಪು ವಿಳಾಸಕ್ಕೆ ಹೋಗುತ್ತದೆ? ನನಗೆ ಕಂಡ ಮಟ್ಟಿಗೆ ಕಾರಣ ಒಂದೇ. ಮನಸ್ಸು ಅಪಾಯವನ್ನು ಅಳೆಯುವುದು ವೈರಸ್ಸಿನ ಲೆಕ್ಕದಲ್ಲಲ್ಲ, ತಪ್ಪಿತಸ್ಥ ಭಾವದ ಲೆಕ್ಕದಲ್ಲಿ. ಹೆಂಡತಿಗೆ ಗೊತ್ತಾಗದಂತೆ ಹೋದೆ, ಅಪ್ಪನ ದುಡ್ಡಿನಲ್ಲಿ ಹೋದೆ, ದೇವರ ಮಾಲೆ ಹಾಕಿಕೊಳ್ಳುವ ಮನೆತನದವನು ನಾನು ಎಂಬ ಕುದಿಯೇ ‘ಇದಕ್ಕೆ ಶಿಕ್ಷೆ ಆಗದೇ ಇರುತ್ತದೆಯೇ’ ಎಂದು ತಿರುಗುತ್ತದೆ. ಶಿಕ್ಷೆ ಎಂದಮೇಲೆ ಅದಕ್ಕೊಂದು ಹೆಸರು ಬೇಕು, ನಮ್ಮ ಕಾಲದಲ್ಲಿ ಆ ಹೆಸರು ಎಚ್‌ಐವಿ. ಗಂಡನೊಬ್ಬನನ್ನೇ ನಂಬಿ ಬದುಕಿದವಳಿಗೆ ತಾನು ತಪ್ಪು ಮಾಡಿದ ಭಾವವಿಲ್ಲ, ಹಾಗಾಗಿ ಭಯವೂ ಇಲ್ಲ. ಮಸಾಜ್‌ಗೆ ಹೋಗಿ ಬಂದವನಿಗೆ ಅಪಾಯವಿಲ್ಲ, ತಪ್ಪಿತಸ್ಥ ಭಾವ ಬೇಕಾದಷ್ಟಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇಲ್ಲಿ ಅಕ್ಷರಶಃ ನಡೆಯುತ್ತದೆ. ಈ ಹುಡುಗರು ಮುಟ್ಟಿ ನೋಡಿಕೊಳ್ಳುವುದು ಹೆಗಲನ್ನಲ್ಲ, ಕುತ್ತಿಗೆಯನ್ನು. ದವಡೆಯ ಕೆಳಗೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಇದೆಯೇ ಎಂದು ದಿನಕ್ಕೆ ಇಪ್ಪತ್ತು ಸಲ ಒತ್ತುತ್ತಾರೆ. ಒತ್ತಿ ಒತ್ತಿ ಅಲ್ಲಿ ನೋವು ಬರುತ್ತದೆ, ನೋವು ಬಂದದ್ದೇ ಪುರಾವೆಯಾಗುತ್ತದೆ. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಾಲಿಗೆ ಚಾಚಿ ಬಿಳಿ ಪದರ ಹುಡುಕುತ್ತಾರೆ. ಹೊಸ ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಕ್ಕೆ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂಧೆ ಬರುವುದು ನಿಜ. ಆದರೆ ಅದೇ ಜ್ವರ ಅದೇ ಗಂಟಲುನೋವು ಮಳೆಗಾಲದಲ್ಲಿ ಅರ್ಧ ಊರಿಗೆ ಬರುತ್ತದೆ. ಇನ್ನು ರಾತ್ರಿ ಬೆವರುವುದು, ತೂಕ ಇಳಿಯುವುದು, ಭೇದಿ, ಸುಸ್ತು ಎಂದು ಫೋನಿನಲ್ಲಿ ಓದಿದ ಪಟ್ಟಿ ಇದೆಯಲ್ಲ, ಊಟ ನಿದ್ದೆ ಬಿಟ್ಟು ಹೆದರಿ ಕೂತವನಿಗೆ ಹೆದರಿಕೆಯಿಂದಲೇ ಅವಷ್ಟೂ ಬರುತ್ತವೆ. ಲಕ್ಷಣ ನೋಡಿ ಎಚ್‌ಐವಿ ಹೇಳಲು ನನಗೂ ಬರುವುದಿಲ್ಲ, ಯಾವ ವೈದ್ಯರಿಗೂ ಬರುವುದಿಲ್ಲ.

ಕಾಮದ ಸುತ್ತ ಆತಂಕ ಹೆಣೆದುಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ವೀರ್ಯ ನಷ್ಟವಾಗಿ ಶಕ್ತಿಯೆಲ್ಲ ಸೋರಿಹೋಗುತ್ತಿದೆ ಎಂದು ಕೊರಗುವ ಯುವಕರ ಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದರು. ಆ ಕೊರಗನ್ನೇ ನಂಬಿ ‘ಗುಪ್ತರೋಗ ತಜ್ಞರು ತಿಂಗಳ ಎರಡನೇ ಭಾನುವಾರ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ಲಭ್ಯ’ ಎಂಬ ಪೋಸ್ಟರುಗಳು ಮೂತ್ರಾಲಯದ ಗೋಡೆಗಳಲ್ಲಿ ಬದುಕಿಕೊಂಡಿವೆ. ಈಗ ಅದೇ ವ್ಯಾಪಾರ ಮೊಬೈಲಿಗೆ ಬಂದಿದೆ. ಹತ್ತಾರು ಪರೀಕ್ಷೆಗಳ ಪ್ಯಾಕೇಜ್, ಮನೆಗೇ ಬಂದು ರಕ್ತ ತೆಗೆಯುವ ಹುಡುಗ, ರಾತ್ರಿ ಎರಡು ಗಂಟೆಗೆ ಬುಕ್ ಮಾಡುವ ಸೌಲಭ್ಯ. ರಾತ್ರಿ ಎರಡು ಗಂಟೆಗೆ ಯಾರು ಬುಕ್ ಮಾಡುತ್ತಾರೆಂದು ಅವರಿಗೂ ಗೊತ್ತು.

ನಿಜವಾಗಿ ಅಪಾಯಕ್ಕೆ ಒಡ್ಡಿಕೊಂಡಿದ್ದರೆ ಗಡಿಯಾರ ನೋಡಬೇಕಾದದ್ದು ಮೊದಲ 72 ಗಂಟೆ. ಅಷ್ಟರೊಳಗೆ ಪೆಪ್ ಎಂಬ ಮಾತ್ರೆ ಶುರು ಮಾಡಿ 28 ದಿನ ತಪ್ಪದೆ ನುಂಗಿದರೆ ಸೋಂಕು ನೆಲೆಯೂರದಂತೆ ಬಹುಪಾಲು ತಡೆಯಬಹುದು. ಎಷ್ಟು ಬೇಗವೋ ಅಷ್ಟು ಒಳ್ಳೆಯದು, ನಾಳೆ ನೋಡೋಣ ಎಂಬ ಮಾತಿಲ್ಲ. ಕಾಂಡೋಮ್ ಹರಿದದ್ದಿರಲಿ, ಬಲಾತ್ಕಾರವಿರಲಿ, ಸೂಜಿ ಚುಚ್ಚಿದ್ದಿರಲಿ, ನೇರ ಜಿಲ್ಲಾಸ್ಪತ್ರೆಗೆ ಅಥವಾ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಕೇಳಬೇಕು. ಬೇಸರದ ಸಂಗತಿಯೆಂದರೆ ಹೆಚ್ಚಿನವರು ಆ ಮೂರು ದಿನವನ್ನು ಫೋನ್ ಉಜ್ಜುತ್ತ ಕಳೆದು ನಾಲ್ಕನೇ ದಿನ ಬರುತ್ತಾರೆ.

ಆ ಗಡುವು ದಾಟಿದರೆ ಉಳಿಯುವುದು ಪರೀಕ್ಷೆ. ಅವಸರಕ್ಕೆ ಇಲ್ಲಿ ಬೆಲೆಯಿಲ್ಲ. ಸೋಂಕು ತಗುಲಿದ ಮರುದಿನ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ವೈರಸ್ಸಿನ ಅಂಶ ಮತ್ತು ಪ್ರತಿಕಾಯ ಎರಡನ್ನೂ ಹುಡುಕುವ ನಾಲ್ಕನೇ ಪೀಳಿಗೆಯ ಪರೀಕ್ಷೆಯನ್ನು ಲ್ಯಾಬಿನಲ್ಲಿ ಮಾಡಿಸಿದರೆ 45 ದಿನಕ್ಕೆ ಉತ್ತರ ನಂಬಬಹುದು. ಪ್ರತಿಕಾಯವನ್ನಷ್ಟೇ ಹುಡುಕುವ ಬೆರಳುತುದಿಯ ರ್‍ಯಾಪಿಡ್ ಕಿಟ್ ಆದರೆ ಮೂರು ತಿಂಗಳು. ಪೆಪ್ ನುಂಗಿದವರಿಗೆ ದಿನ ಎಣಿಸುವ ರೀತಿ ಬೇರೆ, ಅದನ್ನು ಮಾತ್ರೆ ಕೊಟ್ಟ ವೈದ್ಯರೇ ಹೇಳುತ್ತಾರೆ. ಉತ್ತರ ಬರುವವರೆಗೆ ಹೆಂಡತಿಯ ಜೊತೆ, ಗಂಡನ ಜೊತೆ ಕಾಂಡೋಮ್ ಬಳಸುವುದು ಕಡ್ಡಾಯ. ರಕ್ತ ಕೊಡಬಾರದು. ಪುಕ್ಕಟೆಯಾಗಿ ಪರೀಕ್ಷೆಯಾಗುತ್ತದೆ ಎಂದು ರಕ್ತದಾನ ಶಿಬಿರದ ಸಾಲಿನಲ್ಲಿ ನಿಲ್ಲುವುದಂತೂ ಇನ್ನೊಬ್ಬರ ಪ್ರಾಣದ ಜೊತೆ ಆಟ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷೆಯ ಕೋಣೆ ಇರುತ್ತದೆ, ಸಾಮಾನ್ಯವಾಗಿ ಲ್ಯಾಬಿನ ಪಕ್ಕ. ಹೊರಗಿನ ಬೆಂಚಿನ ಮೇಲೆ ತಾಯಿ ಕಾರ್ಡ್ ಹಿಡಿದ ಬಸುರಿಯರ ಸಾಲು. ಅವರ ನಡುವೆ ಮುಖಕ್ಕೆ ಕರ್ಚೀಫು ಕಟ್ಟಿಕೊಂಡ ಒಬ್ಬ ಹುಡುಗ ಗೋಡೆ ನೋಡುತ್ತ ನಿಂತಿದ್ದರೆ ಅವನು ನಾನು ಹೇಳುತ್ತಿರುವವನು. ಒಳಗೆ ಆಪ್ತ ಸಮಾಲೋಚಕಿ ಮೊದಲು ಕೂರಿಸಿ ಮಾತಾಡಿಸುತ್ತಾರೆ, ಒಪ್ಪಿಗೆ ಪಡೆಯುತ್ತಾರೆ, ಆಮೇಲೆ ರಕ್ತ. ದುಡ್ಡಿಲ್ಲ. ಫಲಿತಾಂಶ ಗುಟ್ಟಾಗಿ ಇರಬೇಕು, ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಕೂಡದು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ, ಅದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಮೊದಲ ಕಿಟ್ಟಿನಲ್ಲಿ ರಿಯಾಕ್ಟಿವ್ ಬಂದರೂ ಅಷ್ಟಕ್ಕೇ ಪಾಸಿಟಿವ್ ಎನ್ನುವುದಿಲ್ಲ, ಬೇರೆ ಬೇರೆ ಬಗೆಯ ಕಿಟ್‌ಗಳಲ್ಲಿ ಮತ್ತೆ ನೋಡಿಯೇ ಹೇಳುವುದು.

ಇನ್ನು ಆ ಹುಡುಗನ ಕಡೆಗೆ ಬರೋಣ. ಉತ್ತರ ಕರ್ನಾಟಕದ ಅಂಥದೊಂದು ಕೋಣೆಯಲ್ಲಿ ನಾನೇ ಕೇಳಿಸಿಕೊಂಡ ಮಾತು. ಸಮಾಲೋಚಕಿ ರಿಪೋರ್ಟ್ ತೋರಿಸಿ, ‘ನೆಗೆಟಿವ್ ಐತಿ ತಮ್ಮಾ, ಮೂರು ತಿಂಗಳೂ ಮುಗದಾವು, ಇನ್ನ ಆರಾಮ ಇರು’ ಅಂದರು. ಅವನ ಮುಖ ಅರಳಿತು, ಕೈಮುಗಿದ. ಬಾಗಿಲ ತನಕ ಹೋದವನು ತಿರುಗಿ ಬಂದು, ‘ಮೇಡಂ, ಬಾಟ್ಲಿ ಮ್ಯಾಲ ನನ್ನ ಹೆಸರೇ ಬರದಿದ್ರಲ್ರೀ? ಅದಲಬದಲ ಏನೂ ಆಗಿರಾಂಗಿಲ್ಲಲ್ರೀ?’ ಎಂದ.

ಬಾಗಿಲಿಗೂ ಮೇಜಿಗೂ ನಡುವಿನ ಆ ನಾಲ್ಕು ಹೆಜ್ಜೆಯೊಳಗೆ ಕಾಯಿಲೆ ಬದಲಾಗಿರುತ್ತದೆ. ಮೇಜಿನಿಂದ ಎದ್ದಾಗ ಅವನಿಗಿದ್ದದ್ದು ಎಚ್‌ಐವಿಯ ಪ್ರಶ್ನೆ, ಅದಕ್ಕೆ ಉತ್ತರ ಸಿಕ್ಕಿದೆ. ತಿರುಗಿ ಬಂದಾಗ ಇರುವುದು ಆತಂಕದ ಕಾಯಿಲೆ, ಅದಕ್ಕೆ ಉತ್ತರವೇ ಆಹಾರ. ಭರವಸೆ ಸಿಕ್ಕ ಕ್ಷಣ ಎದೆ ಹಗುರಾಗುತ್ತದೆ. ಆ ಹಗುರು ಸಂಜೆಯವರೆಗೆ ಇರಬಹುದು, ಎರಡು ದಿನ ಇರಬಹುದು. ಆಮೇಲೆ ‘ಆದರೂ’ ಎಂಬುದು ತಲೆಯೆತ್ತುತ್ತದೆ. ಮತ್ತೆ ಭರವಸೆ ಬೇಕು, ಈ ಸಲ ಇನ್ನಷ್ಟು ಗಟ್ಟಿಯಾದದ್ದು. ಇಂಥವರ ಪ್ಲಾಸ್ಟಿಕ್ ಫೈಲು ನೋಡಬೇಕು. 28ನೇ ದಿನದ ರಿಪೋರ್ಟು, 45ನೇ ದಿನದ್ದು, 90ನೇ ದಿನದ್ದು, ಆರು ತಿಂಗಳದ್ದು, ಎಲ್ಲ ತಾರೀಖಿನ ಪ್ರಕಾರ ಜೋಡಿಸಿರುತ್ತವೆ. ಕೆಲವು ಲ್ಯಾಬಿನ ಚೀಟಿಯಲ್ಲಿ ‘ನಾನ್ ರಿಯಾಕ್ಟಿವ್’ ಎಂಬುದರ ಪಕ್ಕ ಒಂದು ಅಂಕಿ ಇರುತ್ತದೆ. ಒಂದಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್ ಎಂದೇ ಅರ್ಥ, ಎಷ್ಟು ಕಡಿಮೆ ಎಂಬುದಕ್ಕೆ ಅರ್ಥವಿಲ್ಲ. ಒಬ್ಬ ಆ ಅಂಕಿಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿಕೊಂಡು ಬಂದಿದ್ದ. ‘ಸಾರ್, ಹೋದ ತಿಂಗಳು 0.09 ಇತ್ತು, ಈಗ 0.12 ಆಗಿದೆ. ಏರ್ತಾ ಇದೆ ಅಲ್ವಾ?’

ಇಂಥವರಿಗೆ ಇನ್ನೊಂದು ಪರೀಕ್ಷೆ ಬರೆದುಕೊಡುವ ವೈದ್ಯರು ಕರುಣೆಯಿಂದಲೇ ಬರೆಯುತ್ತಾರೆ, ‘ಅವನ ಸಮಾಧಾನಕ್ಕೆ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಾಲ ಮುಗಿದ ಮೇಲಿನ ನೆಗೆಟಿವ್ ರಿಪೋರ್ಟಿನ ಬೆನ್ನಿಗೆ ಮತ್ತೊಂದು ಪರೀಕ್ಷೆ ಬರೆದರೆ ‘ಮೊದಲಿನದು ನಂಬುವಂಥದ್ದಲ್ಲ’ ಎಂದು ವೈದ್ಯರೇ ಸಹಿ ಹಾಕಿ ಕೊಟ್ಟಂತೆ. ಬರೆಯಬೇಕಾದದ್ದು ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಹೆಸರನ್ನು. ಈ ಆತಂಕಕ್ಕೆ ಚಿಕಿತ್ಸೆ ಇದೆ, ಗೀಳು ಕಾಯಿಲೆಗೆ ಕೊಡುವ ಚಿಕಿತ್ಸೆಯ ಹತ್ತಿರದ ನೆಂಟ ಅದು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಹೇಳಿಕೊಡುವುದು ಅನುಮಾನವನ್ನು ಗೆಲ್ಲುವುದನ್ನಲ್ಲ, ಅನುಮಾನ ಇದ್ದಾಗಲೂ ಕುತ್ತಿಗೆ ಮುಟ್ಟದೆ, ಫೋನ್ ತೆಗೆಯದೆ, ಲ್ಯಾಬಿಗೆ ಹೋಗದೆ ಇರುವುದನ್ನು. ಮೊದಲ ಕೆಲವು ದಿನ ಚಡಪಡಿಕೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದರ ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ. ‘ನೂರಕ್ಕೆ ನೂರು ಬಂದಿಲ್ಲ ಅಂತ ಬರೆದುಕೊಡಿ’ ಎಂಬ ಹಟವನ್ನು ಬಿಡಿಸುವುದೇ ಅರ್ಧ ಚಿಕಿತ್ಸೆ. ಹೆಲ್ಮೆಟ್ಟಿಲ್ಲದೆ ಬೈಕಿನಲ್ಲಿ ಬಂದು ಅದೇ ಕುರ್ಚಿಯಲ್ಲಿ ಕೂತವನು ಆ ದಾರಿಯ ಬಗ್ಗೆ ನನ್ನಿಂದ ಅಂಥ ಚೀಟಿ ಕೇಳುವುದಿಲ್ಲ.

ಕೊನೆಗೊಂದು ಸಂಗತಿ ಹೇಳದೆ ಬಿಟ್ಟರೆ ಅನ್ಯಾಯವಾದೀತು. ಇವರೆಲ್ಲ ಹೆದರುತ್ತಿರುವುದು ಯಾವ ಕಾಯಿಲೆಗೆ? 1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಸೋಂಕುಗಳು ಪತ್ತೆಯಾದ ನಂತರ ಗೋಡೆಗಳ ಮೇಲೆ ಬರೆಸಿದ, ತಲೆಬುರುಡೆ ಚಿತ್ರದ ಕಾಯಿಲೆಗೆ. ಆ ಕಾಯಿಲೆಯ ಸ್ವರೂಪ ಈಗ ಬೇರೆ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಎಆರ್‌ಟಿ ಕೊಡುತ್ತಿದೆ, ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸೋಂಕು ಪತ್ತೆಯಾದ ಎಲ್ಲರಿಗೂ ಕೂಡಲೇ ಚಿಕಿತ್ಸೆ ಎಂಬ ನೀತಿ 2017ರಲ್ಲಿ ಬಂತು. ಸಮಯಕ್ಕೆ ಸರಿಯಾಗಿ ಮಾತ್ರೆ ನುಂಗುವವರು ಹತ್ತಿರಹತ್ತಿರ ಎಲ್ಲರಷ್ಟೇ ವರ್ಷ ಬದುಕುತ್ತಾರೆ. ಚೆನ್ನೈ ಮತ್ತು ಪುಣೆಯ ದಂಪತಿಗಳೂ ಭಾಗವಹಿಸಿದ್ದ ಎಚ್‌ಪಿಟಿಎನ್ 052 ಎಂಬ ಅಧ್ಯಯನ 2011ರಲ್ಲಿ ತೋರಿಸಿದ್ದು, ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ನೂರಕ್ಕೆ 96ರಷ್ಟು ಕಡಿಮೆಯಾಗುತ್ತದೆ ಎಂದು. ಆಮೇಲೆ ಯುರೋಪಿನಲ್ಲಿ ನಡೆದ ಪಾರ್ಟ್‌ನರ್ ಅಧ್ಯಯನಗಳಲ್ಲಿ, ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ತೀರಾ ಕುಗ್ಗಿದ್ದವರು ಕಾಂಡೋಮ್ ಇಲ್ಲದೆ ಸಾವಿರಾರು ಸಲ ಕೂಡಿದರೂ ಅವರಿಂದ ಸಂಗಾತಿಗೆ ದಾಟಿದ ಒಂದೇ ಒಂದು ಸೋಂಕು ಸಿಗಲಿಲ್ಲ. ಅಂಥವರು ಮದುವೆಯಾಗಿದ್ದಾರೆ, ಸೋಂಕಿಲ್ಲದ ಮಕ್ಕಳನ್ನು ಹೆತ್ತಿದ್ದಾರೆ, ಬೆಳಿಗ್ಗೆ ನಿಮ್ಮ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತಿರುತ್ತಾರೆ. ಆತಂಕದಲ್ಲಿ ಕಂಗೆಟ್ಟವನು ‘ಬಂದಿದ್ದರೆ ಸತ್ತೇ ಹೋಗ್ತೀನಿ’ ಅಂದಾಗ ಅವರಿಗೆ ಕೇಳಿಸಿದರೆ ಏನನಿಸೀತು ಎಂದು ನನಗೆ ಆಗಾಗ ಯೋಚನೆ ಬರುವುದುಂಟು.

ಇಂಥ ಆತಂಕದವನ ಗುಟ್ಟು ಮನೆಯವರಿಗೋ ಗೆಳೆಯರಿಗೋ ಗೊತ್ತಿದ್ದರೆ ಅವರ ಪಾಡು ಬೇರೆ. ‘ನನಗೇನೂ ಆಗಿಲ್ಲ ಅಲ್ವಾ?’ ಎಂದು ದಿನಕ್ಕೆ ಹತ್ತು ಸಲ ಕೇಳುವವನಿಗೆ ಹತ್ತು ಸಲವೂ ‘ಏನೂ ಆಗಿಲ್ಲ ಮಾರಾಯ’ ಎನ್ನುವುದು ಪ್ರೀತಿಯೇ, ಆದರೆ ಔಷಧಿಯಲ್ಲ. ಬೈಯುವುದೂ ಬೇಡ, ನೀತಿ ಹೇಳುವುದಂತೂ ಬೇಡವೇ ಬೇಡ, ಅವನೊಳಗೆ ಅದು ಆಗಲೇ ಜಾಸ್ತಿಯಾಗಿದೆ. ‘ಇದಕ್ಕೆ ಉತ್ತರ ನಿನಗೇ ಗೊತ್ತು, ನಾನು ಮತ್ತೆ ಹೇಳಲ್ಲ. ಬಾ, ಟೀ ಕುಡಿದು ಬರೋಣ’ ಎಂದು ಎಬ್ಬಿಸಿಕೊಂಡು ಹೋಗಿ. ಮೊದಮೊದಲು ಸಿಟ್ಟಾಗುತ್ತಾನೆ, ಆಗಲಿ. ಆದರೆ ಸಾಯುವ ಮಾತಾಡಿದರೆ ಅದನ್ನು ನಾಟಕ ಎಂದುಕೊಳ್ಳಬೇಡಿ, ಒಬ್ಬನನ್ನೇ ಬಿಡಬೇಡಿ. ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಎಚ್‌ಐವಿ ಬಗ್ಗೆಯೇ ಕೇಳುವುದಿದ್ದರೆ 1097. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.